ನಿಮ್ಮ ಟಾಪ್ ಪಿನ್‌ಬಾಲ್ ಮೆಷಿನ್‌ಗಳು ಯಾವುವು? ಕಾರಣ ಸಮೇತ ಹಾಕಿ (ನಂದು ಕೆಳಗಿದೆ, ಬೈಯೋರು ಬೈರಿ)

ಬೆಳ್ಳಿಗುಂಡು

ಎಲ್ಲಿ ನೋಡಿದ್ರೂ ಟಾಪ್ ಲಿಸ್ಟಲ್ಲಿ ಅದೇ ಐದಾರು ಹೆಸರು, ಮೇಲಿಂದು ಕೆಳಗೆ ಕೆಳಗಿಂದು ಮೇಲೆ ಆಗ್ತಿರುತ್ತೆ ಅಷ್ಟೆ, ಯಾಕೆ ಇಷ್ಟ ಅಂತ ಮಾತ್ರ ಒಬ್ರೂ ಬಾಯಿ ಬಿಡಲ್ಲ. ಅದಕ್ಕೆ ಲಿಸ್ಟ್‌ಗಿಂತ ಮುಂಚೆ ನನ್ನ ಅಳತೆಗೋಲು ಹೇಳ್ಬಿಡ್ತೀನಿ. ಬಾಲ್ ಡ್ರೈನ್ ಆದಾಗ, ಅಂದ್ರೆ ಕೈತಪ್ಪಿ ಕೆಳಗೆ ಬಿದ್ದು ಹೋದಾಗ, ಸಿಟ್ಟು ಯಾರ ಮೇಲೆ ಬರುತ್ತೆ? ನನ್ಮೇಲೇ ಬಂದ್ರೆ, ಅಂದ್ರೆ ಥೂ ಆತುರ ಪಟ್ಟೆ, ಬಾಲ್ ಹಿಡಿದು ನಿಲ್ಲಿಸಿ ಹೊಡೆದಿದ್ರೆ ಆಗ್ತಿತ್ತು ಅನ್ನಿಸಿದ್ರೆ ಆ ಮೆಷಿನ್ ಮೇಲಕ್ಕೆ. ಏನ್ ದರಿದ್ರ ಮೆಷಿನ್ನಪ್ಪಾ ಇದು ಅನ್ನಿಸಿದ್ರೆ ಕೆಳಕ್ಕೆ. ಎಷ್ಟು ಅಪರೂಪದ್ದು, ಆರ್ಟ್ ಎಷ್ಟು ಚೆನ್ನಾಗಿದೆ, ಯಾವ ಸಿನಿಮಾದ್ದು, ಇದ್ಯಾವುದೂ ನನ್ನ ಲೆಕ್ಕಕ್ಕಿಲ್ಲ.

ಮೊದಲನೇದು ಫನ್‌ಹೌಸ್. ವಿಲಿಯಮ್ಸ್ ಕಂಪನಿದು, 1990, ಪ್ಯಾಟ್ ಲಾಲರ್ ಡಿಸೈನು, ಪ್ರೋಗ್ರಾಮ್ ಮಾಡಿದ್ದು ಲ್ಯಾರಿ ಡಿಮಾರ್. ಪ್ಲೇಫೀಲ್ಡ್ (ಬಾಲ್ ಓಡಾಡೋ ಹಲಗೆ) ಮೇಲೆ ರೂಡಿ ಅಂತ ಒಂದು ಗೊಂಬೆ ತಲೆ ಕೂತಿರುತ್ತಲ್ಲ, ಅದರ ಕಣ್ಣು ಬಾಲ್ ಹೋದ ಕಡೆ ಹೊರಳುತ್ತೆ, ಬಾಯಿ ತೆಗೆದ್ರೆ ನಮ್ಮನ್ನ ಹಂಗಿಸೋ ಮಾತು. ನಾವು ಆಡ್ತಾ ಹೋದ ಹಾಗೆ ಆಟದ ಗಡಿಯಾರ ಮುಂದಕ್ಕೆ ಹೋಗುತ್ತೆ, ಮಧ್ಯರಾತ್ರಿ ಆದ ತಕ್ಷಣ ರೂಡಿ ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಾನೆ, ಆ ಬಾಯೊಳಗೆ ಬಾಲ್ ಹಾಕಿದ್ರೆ ಮಲ್ಟಿಬಾಲ್, ಅಂದ್ರೆ ಒಂದಕ್ಕಿಂತ ಜಾಸ್ತಿ ಬಾಲ್ ಒಟ್ಟಿಗೆ ಆಡೋದು. ಇಷ್ಟೇ ಕಥೆ. ಯಾರೂ ರೂಲ್ಸ್ ಹೇಳ್ಕೊಡಬೇಕಾಗಿಲ್ಲ, ನೋಡಿದ್ರೆ ಗೊತ್ತಾಗುತ್ತೆ ಏನ್ ಮಾಡ್ಬೇಕು ಅಂತ, ಮಾಡೋಕೆ ಹೋದ್ರೆ ಮಾತ್ರ ಕೈ ಬರಲ್ಲ. ಆಗ ಅವನು ನಗ್ತಾನಲ್ಲ, ಆ ನಗು ಕೇಳಿ ಸಿಟ್ಟು ನನ್ಮೇಲೆ ಬರುತ್ತೋ ಅವನ್ಮೇಲೆ ಬರುತ್ತೋ ಅಂತ ಕೇಳಿದ್ರೆ ನಿಜ ಹೇಳ್ಬೇಕಂದ್ರೆ ಇಬ್ಬರ ಮೇಲೂ, ಆದ್ರೂ ಸ್ಟಾರ್ಟ್ ಬಟನ್ ಮೇಲೆ ಕೈ ಹೋಗಿರುತ್ತೆ. (ರೂಡಿಗೆ ಧ್ವನಿ ಕೊಟ್ಟಿದ್ದು ಎಡ್ ಬೂನ್, ಆಮೇಲೆ ಮಾರ್ಟಲ್ ಕಾಂಬ್ಯಾಟ್ ವಿಡಿಯೋ ಗೇಮ್ ಮಾಡಿದ್ನಲ್ಲ, ಅದೇ ಆಸಾಮಿ.)

ಎರಡು, ಅಟ್ಯಾಕ್ ಫ್ರಮ್ ಮಾರ್ಸ್, 1995. ಹೌದು, ಮೆಡಿವಲ್ ಮ್ಯಾಡ್‌ನೆಸ್‌ಗಿಂತ ಮೇಲೆ, ಗೊತ್ತು ಜಗಳ ಆಗುತ್ತೆ ಅಂತ. ಎರಡೂ ಬ್ರಯನ್ ಎಡ್ಡಿದೇ, ಎರಡಕ್ಕೂ ಲೈಮನ್ ಶೀಟ್ಸ್ ಕೋಡ್ ಇದೆ, ಲೇಔಟ್ ಕೂಡ ಅಕ್ಕ ತಂಗಿ ಹಾಗೆ. ನಡುವೆ ಒಂದು ದೊಡ್ಡ ಟಾರ್ಗೆಟ್, ಅದಕ್ಕೆ ಹೊಡೀಲೇಬೇಕು, ಹೊಡೆದ್ರೆ ಬಾಲ್ ನೇರವಾಗಿ ಎರಡು ಫ್ಲಿಪ್ಪರ್ (ಬಟನ್ ಒತ್ತಿದ್ರೆ ಬಾಲ್ ಹೊಡೆಯೋ ಕೋಲು) ನಡುವಿನ ಸಂದಿಗೇ ವಾಪಸ್ ಬರಬಹುದು. ಮಾರ್ಸ್‌ನಲ್ಲಿ ಈ ಭಯ ಆಟದ ಉದ್ದಕ್ಕೂ ಇರುತ್ತೆ, ಜೊತೆಗೆ ಸ್ಕೋರ್ ಬಿಲಿಯನ್‌ಗಟ್ಟಲೆ ಬರುತ್ತೆ, ಸುಳ್ಳೇ ಆದ್ರೂ ಶ್ರೀಮಂತ ಆದ ಖುಷಿ.

ಮೂರು ಐರನ್ ಮೇಡನ್, ಸ್ಟರ್ನ್ ಕಂಪನಿದು, 2018. ಕೀತ್ ಎಲ್ವಿನ್ ಸ್ಟರ್ನ್‌ಗೆ ಮಾಡಿಕೊಟ್ಟ ಮೊದಲನೇ ಮೆಷಿನ್. ಮನುಷ್ಯ ಅದಕ್ಕೂ ಮುಂಚೆ ವಿಶ್ವ ಚಾಂಪಿಯನ್ ಆಗಿದ್ದೋನು, ಆಡೋನ ಕೈಗೆ ಏನ್ ಬೇಕು ಅಂತ ಅವನಿಗೆ ಗೊತ್ತು, ಒಂದು ಶಾಟ್ ಸರಿಯಾಗಿ ಹೋದ್ರೆ ಬಾಲ್ ಮುಂದಿನ ಶಾಟ್‌ಗೆ ತಾನಾಗೇ ಬಂದು ಕೂರುತ್ತೆ.

ನಾಲ್ಕು ಆಡಮ್ಸ್ ಫ್ಯಾಮಿಲಿ. ಐದು ಹೈ ಸ್ಪೀಡ್. ಆರು ಮೆಡಿವಲ್ ಮ್ಯಾಡ್‌ನೆಸ್. ಏಳು ಗಾಡ್ಜಿಲ್ಲಾ. ಎಂಟು ವೈಟ್ ವಾಟರ್. ಒಂಬತ್ತು ಟ್ವೈಲೈಟ್ ಝೋನ್. ಹತ್ತನೇ ಜಾಗ ಖಾಲಿ ಬಿಟ್ಟಿದೀನಿ, ನೀವೇ ವಾದ ಮಾಡಿ ತುಂಬಿಸಿ.

ಪವರ್‌ಬಾಲ್_ಭಕ್ತ

ಎಂತ ಮಾರಾಯ್ರೆ ಇದು, ಟ್ವೈಲೈಟ್ ಝೋನ್ ಒಂಬತ್ತನೇದಾ? ವೈಟ್ ವಾಟರಿಗಿಂತ ಕೆಳಗಾ?? ನಿಮಗೆ ತಲೆ ಸರಿ ಉಂಟಾ?

ನೋಡಿ, ಸಾಮಾನ್ಯ ಬಾಲ್ ಎಲ್ಲ ಉಕ್ಕಿನದ್ದು, ಅಂದಾಜು 80 ಗ್ರಾಂ ತೂಗ್ತದೆ. ಅದ್ರಲ್ಲಿ ಒಂದು ಬಿಳಿ ಸೆರಾಮಿಕ್ ಬಾಲ್ ಸೇರಿಸಿದ್ದಾರೆ, ಅದೇ ಪವರ್‌ಬಾಲ್. ಅದಕ್ಕೆ ತೂಕ ಕಮ್ಮಿ, ವೇಗ ಜಾಸ್ತಿ, ಮತ್ತೆ ಮ್ಯಾಗ್ನೆಟ್ ಅದನ್ನು ಹಿಡಿಯುವುದೇ ಇಲ್ಲ. ಈಗ ಯಾವ ಬಾಲ್ ಎಲ್ಲಿ ಉಂಟು ಅಂತ ಮೆಷಿನಿಗೇ ಲೆಕ್ಕ ಇಡ್ಲಿಕ್ಕೆ ಬರ್ತದೆ. ಮೇಲೆ ಒಂದು ಸಣ್ಣ ಪ್ಲೇಫೀಲ್ಡ್ ಉಂಟಲ್ಲ, ಅದ್ರಲ್ಲಿ ಫ್ಲಿಪ್ಪರೇ ಇಲ್ಲ, ಬಟನ್ ಒತ್ತಿದ್ರೆ ಮ್ಯಾಗ್ನೆಟ್ ಬಾಲನ್ನು ಎಳೆದು ಎಸೀತದೆ. ನಿಜವಾದ ಮುಳ್ಳಿನ ಗಡಿಯಾರ, ನಿಜವಾಗಿ ಬಾಲ್ ಉಗುಳುವ ಗಮ್‌ಬಾಲ್ ಮೆಷಿನ್. 1993ರಲ್ಲಿ ಇದನ್ನೆಲ್ಲ ಒಂದೇ ಪೆಟ್ಟಿಗೆಯೊಳಗೆ ತುಂಬಿಸಿದ್ದಾರೆ ಅಂದ್ರೆ ಆ ಲಾಲರ್ ಮನುಷ್ಯನೇ ಅಲ್ಲ. ಆಡಮ್ಸ್ ಫ್ಯಾಮಿಲಿ 20 ಸಾವಿರಕ್ಕಿಂತ ಜಾಸ್ತಿ ಮಾರಾಟ ಆಯ್ತಲ್ಲ, ಆ ಗೆಲುವಿನ ಮೇಲೆ ಅವ್ರಿಗೆ ಇಷ್ಟ ಬಂದದ್ದನ್ನೆಲ್ಲ ಹಾಕ್ಲಿಕ್ಕೆ ಆದದ್ದು.

ನನ್ನ ಲಿಸ್ಟ್: ಟ್ವೈಲೈಟ್ ಝೋನ್, ಟ್ವೈಲೈಟ್ ಝೋನ್, ಟ್ವೈಲೈಟ್ ಝೋನ್, ಆಮೇಲೆ ಬೇಕಾದ್ರೆ ಇಂಡಿಯಾನಾ ಜೋನ್ಸ್.

ಬೆಳ್ಳಿಗುಂಡು

@ಪವರ್‌ಬಾಲ್_ಭಕ್ತ ನೀವು ಹೇಳಿದ್ದೆಲ್ಲ ಒಪ್ಕೋತೀನಿ, ಆದ್ರೆ ನೀವು ಹೇಳಿದ್ದೆಲ್ಲ ಸಾಮಾನಿನ ಪಟ್ಟಿ ಸರ್. ಆಡುವಾಗ ಏನಾಗುತ್ತೆ? ಬಾಲ್ ಅಲ್ಲಿ ಹೋಯ್ತು ನಿಲ್ತು, ಇಲ್ಲಿ ಹೋಯ್ತು ನಿಲ್ತು, ಗಮ್‌ಬಾಲ್ ತಿರುಗೋವರೆಗೂ ಕಾಯಿ. ಒಂದು ಲಯ ಹಿಡಿಯೋಷ್ಟರಲ್ಲಿ ಮೆಷಿನ್ ಬಾಲ್ ಕಿತ್ಕೊಂಡು ತನ್ನ ಕಥೆ ಹೇಳುತ್ತೆ. ಇನ್ನು ಪವರ್‌ಬಾಲ್ ಹಠಾತ್ತಾಗಿ ಬಂದು ಔಟ್‌ಲೇನ್‌ಗೆ (ಫ್ಲಿಪ್ಪರ್ ಕೈಗೆ ಸಿಗದೆ ಬಾಲ್ ಕೆಳಗೆ ಹೋಗೋ ಅಂಚಿನ ದಾರಿ) ಹಾರಿ ಹೋದ್ರೆ ನಾನು ಯಾರನ್ನ ಬೈಲಿ? ಅಳತೆಗೋಲಿನ ಪ್ರಕಾರ ಕೆಳಕ್ಕೆ.

ಪವರ್‌ಬಾಲ್_ಭಕ್ತ

ಅದು ಪವರ್‌ಬಾಲ್ ಅಂತ ಮೆಷಿನ್ ಬಾಯಿಬಿಟ್ಟು ಹೇಳ್ತದೆ ಮಾರಾಯ್ರೆ. ಕೇಳದಿದ್ದದ್ದು ನೀವು. ಸಿಟ್ಟು ನಿಮ್ಮ ಮೇಲೇ ಬರಬೇಕು.

ಔಟ್‌ಲೇನ್_ಸಂತ್ರಸ್ತ

😂😂 ಸರಿಯಾಗಿ ಕೊಟ್ರಿ

ಗಂಟಿ_ಸದ್ದು

ಎಲ್ಲಾರಿಗೂ ನಮಸ್ಕಾರ್ರೀ. ನಿಮ್ಮ ಲಿಸ್ಟ್‌ನಾಗ ಹೈ ಸ್ಪೀಡ್ ಒಂದ ಬಿಟ್ರ 1990ಕ್ಕಿಂತ ಹಿಂದಿಂದು ಒಂದೂ ಇಲ್ಲಲ್ರೀ ಅಣ್ಣಾರ. ಪಿನ್‌ಬಾಲ್ ಅಲ್ಲಿಂದ ಶುರು ಆತೇನು? ಗಾಟ್ಲೀಬ್‌ನವರು ಹಂಪ್ಟಿ ಡಂಪ್ಟಿ ಅಂತ ಮಾಡಿದ್ದು 1947ರಾಗ, ಫ್ಲಿಪ್ಪರ್ ಬಂದಿದ್ದ ಅದರಿಂದ. ಅದರಾಗ ಆರು ಫ್ಲಿಪ್ಪರ್ ಇದ್ದುವು, ಎಲ್ಲಾ ಹೊರಗ ಮುಖ ಮಾಡ್ಕೊಂಡು. ಅದಕ್ಕೂ ಮೊದಲು ಬಾಲ್ ಬಿಟ್ಟು ಮೆಷಿನ್ ಅಳ್ಳಾಡಿಸಿ ದೇವರ ಮ್ಯಾಲ ಭಾರ ಹಾಕೂದ ಆಟ. ಅದಕ್ಕ ನ್ಯೂಯಾರ್ಕ್‌ನಾಗ ಇದು ಜೂಜು ಅಂತ 1942ರ ಸುಮಾರಿಗೆ ಬ್ಯಾನ್ ಮಾಡಿ, ಮೇಯರ್ ಲಾಗಾರ್ಡಿಯಾ ಸುತ್ತಿಗಿ ತಗೊಂಡು ಮೆಷಿನ್ ಒಡದ ಫೋಟೋ ಎಲ್ಲಾ ಕಡೆ ಅದಾವ. ಆ ಬ್ಯಾನ್ ತಗದಿದ್ದು 1976ರಾಗ, ರೋಜರ್ ಶಾರ್ಪ್ ಅನ್ನಾವ ಕೌನ್ಸಿಲ್ ಮುಂದ ನಿಂತು ಬಾಲ್ ಇಲ್ಲೇ ಹೋಗತೈತಿ ನೋಡ್ರಿ ಅಂತ ಮೊದಲ ಹೇಳಿ ಪ್ಲಂಜರ್ (ಬಾಲ್ ಬಿಡೂ ಹಿಡಿ) ಎಳದು ಅಲ್ಲೇ ಕಳಿಸಿ ತೋರಿಸಿದ ಮ್ಯಾಲ. ಇದು ಕೈಚಳಕ, ಅದೃಷ್ಟ ಅಲ್ಲ ಅಂತ ಅವತ್ತ ಸಾಬೀತಾತು. ನಿಮ್ಮ ಅಳತೆಗೋಲ ಅಂತೀರಲ್ಲ, ಅದೂ ಅದ ಮಾತು ಹೇಳತೈತಿ.

ನನ್ನ ನಂಬರ್ ಒನ್ ಫೈರ್‌ಬಾಲ್, ಬ್ಯಾಲಿ, 1972. ನಟ್ಟ ನಡುವ ಒಂದು ತಿರುಗೂ ತಟ್ಟಿ ಐತಿ, ಬಾಲ್ ಅದರ ಮ್ಯಾಲ ಬಂತಂದ್ರ ಯಾವ ಕಡೆ ಹಾರತೈತಿ ಬ್ರಹ್ಮಗೂ ಗೊತ್ತಿಲ್ಲ. ಆದ್ರ ಜಿಪ್ಪರ್ ಫ್ಲಿಪ್ಪರ್ ಅದಾವ ನೋಡ್ರಿ, ಸರಿಯಾದ ಟಾರ್ಗೆಟ್‌ಗೆ ಹೊಡದ್ರ ಎರಡೂ ಫ್ಲಿಪ್ಪರ್ ಹತ್ರ ಬಂದು ನಡುವಿನ ಸಂದಿ ಮುಚ್ಚಿಬಿಡತಾವ. ಮೆಷಿನ್ ಒಂದು ಕೈಲೆ ಕಸಕೊಂಡು ಇನ್ನೊಂದು ಕೈಲೆ ಕೊಡತೈತಿ. ಸ್ಕ್ರೀನ್ ಇಲ್ಲ, ಮಾತಿಲ್ಲ, ಗಂಟಿ ಸದ್ದು, ರೀಲ್ ತಿರುಗೂ ಸದ್ದು, ರಿಪ್ಲೇ (ಪುಕ್ಕಟೆ ಆಟ) ಬಂದ್ರ ಟಕ್ ಅಂತ ನಾಕರ್ ಹೊಡದಿದ್ದು. ಅಷ್ಟ ಸಾಕ್ರಿ ನನಗ.

ಬೆಳ್ಳಿಗುಂಡು

ಫೈರ್‌ಬಾಲ್ ಡಿಸ್ಕ್ ನನ್ನ ಅಳತೆಗೋಲಿನಲ್ಲಿ ಸೀದಾ ಫೇಲ್ ಅಣ್ಣ 😀 ಬ್ರಹ್ಮಂಗೂ ಗೊತ್ತಿಲ್ಲ ಅಂತ ನೀವೇ ಹೇಳ್ಬಿಟ್ರಿ. ಆದ್ರೆ ರೋಜರ್ ಶಾರ್ಪ್ ವಿಷಯ ಇಲ್ಲಿ ಬಂದಿದ್ದು ಖುಷಿ.

ಗಂಟಿ_ಸದ್ದು

ಡಿಸ್ಕ್ ಮ್ಯಾಲ ಬಾಲ್ ಕಳಿಸಿದ್ದು ಯಾರು? ನೀವ. ಮತ್ತ?

ಪ್ಲಂಜರ್_ಪದ್ಮ

ಎಲ್ಲರೂ ಶಾಟ್ ಶಾಟ್ ಅಂತಿದೀರಲ್ಲ, ಸೌಂಡ್ ಬಗ್ಗೆ ಒಬ್ರೂ ಮಾತಾಡ್ತಿಲ್ಲ. ನಂಗೆ ಮೆಷಿನ್ ಇಷ್ಟ ಆಗೋದು ಕಿವಿಯಿಂದ. ಹಾಗಾಗಿ ನನ್ನ ಲಿಸ್ಟ್ ಪೂರ್ತಿ ಬೇರೆ.

ಝೆನಾನ್, ಬ್ಯಾಲಿ, 1980. ಸುಝಾನ್ ಚಿಯಾನಿ ಅನ್ನೋ ಎಲೆಕ್ಟ್ರಾನಿಕ್ ಸಂಗೀತಗಾರ್ತಿ ಸೌಂಡೂ ಮಾಡಿ ಧ್ವನಿಯನ್ನೂ ಅವರೇ ಕೊಟ್ಟಿದ್ದು. ಅದಕ್ಕೆ ಒಂದು ವರ್ಷ ಹಿಂದೆ ಗೋರ್ಗಾರ್ ಬಂದಿತ್ತು, ಮಾತಾಡೋ ಮೊದಲ ಪಿನ್‌ಬಾಲ್, ಅದರ ಶಬ್ದಭಂಡಾರ ಅಂದ್ರೆ ಬೆರಳೆಣಿಕೆ ಪದಗಳು, ಅದನ್ನೇ ಹಿಂದೆ ಮುಂದೆ ಮಾಡಿ ಗುರ್ ಗುರ್ ಅಂತ ಬೆದರಿಸೋದು. ಝೆನಾನ್ ಹಾಗಲ್ಲ, ಬಾಲ್ ಆ ಪಾರದರ್ಶಕ ಟ್ಯೂಬ್ ಒಳಗೆ ಸರ್ರಂತ ಹೋಗುವಾಗ ಬರೋ ಸೌಂಡ್ ಕೇಳಿದ್ರೆ ಸ್ಕೋರ್ ಮರೆತು ಹೋಗುತ್ತೆ.

ಎರಡನೇದು ಸೆಂಟಾರ್, 1981, ಅದೂ ಬ್ಯಾಲಿನೇ. ಕಪ್ಪು ಬಿಳುಪು ಚಿತ್ರ, ಪ್ರತಿಧ್ವನಿ ಬರೋ ಗಡಸು ಧ್ವನಿ, ಐದು ಬಾಲ್ ಮಲ್ಟಿಬಾಲ್. ಮೂರನೇದು ಬ್ಲ್ಯಾಕ್ ನೈಟ್ 2000, ಬರೀ ಸಂಗೀತಕ್ಕೋಸ್ಕರ, ಬೇರೆ ಯಾವ ಸಮರ್ಥನೆಯೂ ನನ್ನ ಹತ್ರ ಇಲ್ಲ, ಕೊಡೋದೂ ಇಲ್ಲ. ಆ ನೈಟ್‌ಗೆ ಧ್ವನಿ ಡಿಸೈನರ್ ಸ್ಟೀವ್ ರಿಚೀದೇ. ಮೇಲೆ ಎಡ್ ಬೂನ್ ಬಗ್ಗೆ ಹೇಳಿದ್ರಲ್ಲ, ಅದಕ್ಕೆ ಸೇರಿಸಿ: ಮಾರ್ಟಲ್ ಕಾಂಬ್ಯಾಟ್ 2ರಲ್ಲಿ ಖಳನಾಯಕ ಶಾವೋ ಕಾನ್ ಗರ್ಜನೆ ಇದೆಯಲ್ಲ, ಅದು ಸ್ಟೀವ್ ರಿಚೀ. ಆ ಕಂಪನಿಯಲ್ಲಿ ಯಾರಿಗೆ ಗಂಟಲಿತ್ತೋ ಅವರನ್ನೆಲ್ಲ ಮೈಕ್ ಮುಂದೆ ನಿಲ್ಲಿಸಿದ್ದಾರೆ ಅನ್ಸುತ್ತೆ.

ರ‍್ಯಾಂಪ್_ರಂಗಣ್ಣ

ಪದ್ಮಕ್ಕ, ಸೆಂಟಾರ್‌ಗೆ ನನ್ನ ಓಟು. ಆದ್ರೆ ರಿಚೀ ಹೆಸರು ಬಂದ್ಮೇಲೆ ಫ್ಲೋ (ಬಾಲ್ ನಿಲ್ದೇ ಹರಿಯೋದು) ಬಗ್ಗೆ ಹೇಳ್ದೇ ಇರಕ್ಕಾಗಲ್ಲ. ಹೈ ಸ್ಪೀಡ್ ಐದನೇ ಜಾಗಕ್ಕೆ ತಳ್ಳಿದ್ದು ಅನ್ಯಾಯ ಗುರು. 1986ರ ಮೆಷಿನ್ ಅದು, ಗೆಲ್ಲೋವರೆಗೂ ಒಂದು ಆಟದಿಂದ ಇನ್ನೊಂದು ಆಟಕ್ಕೆ ಬೆಳೀತಾ ಹೋಗೋ ಜಾಕ್‌ಪಾಟ್ ಅಂತ ಕೊಟ್ಟಿದ್ದೇ ಅದು. ಟ್ರಾಫಿಕ್ ಲೈಟ್ ಹಸಿರಿಂದ ಹಳದಿ, ಹಳದಿಯಿಂದ ಕೆಂಪು, ಆಮೇಲೆ ಕೆಂಪು ದೀಪ ದಾಟಿ ನುಗ್ಗು, ಮೇಲೆ ಪೊಲೀಸ್ ಲೈಟ್ ಗಿರ್ರಂತ ತಿರುಗೋಕೆ ಶುರು, ಮಲ್ಟಿಬಾಲ್. ರಿಚೀನ ಕಾರನ್ನ ಪೊಲೀಸ್ನೋರು ನಿಜವಾಗ್ಲೂ ಅಟ್ಟಿಸ್ಕೊಂಡು ಹೋಗಿದ್ರಂತೆ, ಅದರಿಂದಲೇ ಈ ಥೀಮ್ ಹುಟ್ಟಿದ್ದು.

ಲಾಲರ್ ಮತ್ತೆ ರಿಚೀ ಇಬ್ರನ್ನ ಒಂದೇ ಲಿಸ್ಟಲ್ಲಿ ಹಾಕೋದೇ ಕಷ್ಟ ಕಣ್ರೋ. ಲಾಲರ್ ಬಾಲ್ ನಿಲ್ಲಿಸಿ ಯೋಚನೆ ಮಾಡಿಸ್ತಾನೆ, ರಿಚೀ ಯೋಚನೆ ಮಾಡಕ್ಕೆ ಬಿಡಲ್ಲ. ಬೆಳ್ಳಿಗುಂಡು ಅವರೇ, ಟ್ವೈಲೈಟ್ ಝೋನ್ ಬಾಲ್ ನಿಲ್ಲಿಸುತ್ತೆ ಅಂತ ಬೈದ್ರಲ್ಲ, ಫನ್‌ಹೌಸೂ ಲಾಲರದ್ದೇ, ಅಲ್ಲೂ ನಿಲ್ಲುತ್ತೆ. ಅಲ್ಲಿ ಯಾಕೆ ಸಿಟ್ಟು ಬರಲ್ಲ ನಿಮಗೆ?

ಬೆಳ್ಳಿಗುಂಡು

ಒಳ್ಳೆ ಪ್ರಶ್ನೆ. ಫನ್‌ಹೌಸಲ್ಲಿ ಬಾಲ್ ನಿಂತಾಗ್ಲೆಲ್ಲ ಅದು ಒಂದೇ ಗುರಿ ಕಡೆ ಹೋಗ್ತಿರುತ್ತೆ, ಗಡಿಯಾರ ಮುಂದೆ ಹೋಗ್ಬೇಕು, ರೂಡಿ ಮಲಗ್ಬೇಕು. ನಿಂತ ಹೊತ್ತಲ್ಲಿ ನಂಗೆ ಮುಂದಿನ ಶಾಟ್ ಯಾವುದು ಅಂತ ಗೊತ್ತಿರುತ್ತೆ. ಟ್ವೈಲೈಟ್ ಝೋನಲ್ಲಿ ಬಾಗಿಲಿನ ಪ್ಯಾನಲ್ಲೇ ಅಷ್ಟೊಂದಿದೆ, ಪ್ರತಿಯೊಂದಕ್ಕೂ ಅದರದೇ ಮೋಡ್, ಅಂದ್ರೆ ಆಟದೊಳಗೊಂದು ಬೇರೆ ಆಟ. ನಿಂತಾಗ ನಾನು ಡಿಸ್ಪ್ಲೇ ಓದ್ತಾ ಇರ್ತೀನಿ, ಬಾಲ್ ವಾಪಸ್ ಬಂದಾಗ ಕಣ್ಣು ಕೆಳಗಿರಲ್ಲ.

ಕಾಯಿಲ್_ಕಿಟ್ಟಿ

ನಾನು ರಿಪೇರಿ ಮಾಡೋನು, ಆಡೋದು ಕಮ್ಮಿ. ನಿಮ್ಮ ಜಗಳ ಓದ್ತಾ ಇದ್ರೆ ಒಂದು ವಿಷಯ ಹೇಳ್ಬೇಕು ಅನ್ನಿಸ್ತು, ನೀವೆಲ್ಲ ಟೈಟಲ್‌ಗೆ ರ‍್ಯಾಂಕ್ ಕೊಡ್ತಿದೀರ, ನಿಜವಾಗಿ ರ‍್ಯಾಂಕ್ ಸಿಗ್ತಿರೋದು ನೀವು ಆಡಿದ ಆ ಒಂದು ಮೆಷಿನ್‌ಗೆ.

ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತು ವೈರ್ ಇರುತ್ತೆ. ಒಂದು ಜೋರಾಗಿ ಎಳೆಯೋಕೆ, ಇನ್ನೊಂದು ಎತ್ತಿ ಹಿಡಿದಿರೋಕೆ. ಫ್ಲಿಪ್ಪರ್ ಮೇಲೆ ಮುಟ್ಟಿದ ತಕ್ಷಣ ಕೊನೇಲಿರೋ ಒಂದು ಸಣ್ಣ ಸ್ವಿಚ್ ಆ ಜೋರಿನ ಸುತ್ತನ್ನ ಕಟ್ ಮಾಡ್ಬೇಕು. ಹಳೇ ಮೆಷಿನ್‌ಗಳಲ್ಲಿ ಆ ಸ್ವಿಚ್‌ನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ರೆ ಫ್ಲಿಪ್ಪರ್‌ಗೆ ಶಕ್ತಿ ಸಾಲಲ್ಲ, ಕಟ್ ಆಗದೇ ಹೋದ್ರೆ ಕಾಯಿಲ್ಲೇ ಸುಟ್ಟೋಗುತ್ತೆ. ಜೊತೆಗೆ ಕಾಯಿಲ್ ಒಳಗಿನ ಪ್ಲಂಜರ್ ಓಡಾಡೋ ಸ್ಲೀವ್ ಕೊಳೆ ಹಿಡಿದು, ಲಿಂಕ್ ಸವೆದು, ರಬ್ಬರ್ ಗಟ್ಟಿಯಾಗಿ ಹೋಗಿರುತ್ತೆ. ಅಂಥ ಮೆಷಿನ್‌ನಲ್ಲಿ ವೈಟ್ ವಾಟರ್ ಆಡಿದ್ರೆ ಬಾಲ್ ರ‍್ಯಾಂಪ್ ಅರ್ಧಕ್ಕೆ ಹೋಗಿ ವಾಪಸ್ ಉರುಳುತ್ತೆ, ನೀವು ಡಿಸೈನರ್‌ನ ಬೈತೀರ.

ಇನ್ನೊಂದು, ಇಳಿಜಾರು. ಸಾಮಾನ್ಯವಾಗಿ 6.5 ಡಿಗ್ರಿ ಇರ್ಬೇಕು. ಹಿಂದಿನ ಕಾಲು ಎತ್ತರಿಸಿದ್ರೆ ಆಟ ಫಾಸ್ಟ್, ಬಾಲ್ ಬೇಗ ಡ್ರೈನ್. ಔಟ್‌ಲೇನ್ ಪಕ್ಕದ ಪೋಸ್ಟ್ ಎಷ್ಟೋ ಮೆಷಿನ್‌ಗಳಲ್ಲಿ ಜರುಗಿಸಬಹುದು, ಅಗಲ ಮಾಡಿಟ್ರೆ ಬಾಲ್ ಸಮಯ ಅರ್ಧ ಆಗುತ್ತೆ. ಟ್ವೈಲೈಟ್ ಝೋನ್ ಗಡಿಯಾರದ ಬೋರ್ಡ್ ಬಿಸಿಗೆ ಹಾಳಾಗೋದು ಮಾಮೂಲಿ, ಬಹಳ ಜನ ನಿಂತ ಗಡಿಯಾರ ನೋಡಿಯೇ ಆ ಮೆಷಿನ್ ಬಗ್ಗೆ ಅಭಿಪ್ರಾಯ ಮಾಡ್ಕೊಂಡಿರ್ತಾರೆ.

ಹಾಗಾಗಿ ನಂದು ಲಿಸ್ಟ್ ಅಲ್ಲ, ವಿನಂತಿ: ಮೊದ್ಲು ಮೆಷಿನ್ ಮಟ್ಟ ನೋಡಿ, ಫ್ಲಿಪ್ಪರ್ ನೋಡಿ, ಆಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ತೀರ್ಮಾನ ಮಾಡಿ. ಮೂರನೇ ಪಾರ್ಟಿನೂ ಇದಾನೆ, ಮೆಷಿನ್ ಇಟ್ಕೊಂಡಿರೋನು.

ಪವರ್‌ಬಾಲ್_ಭಕ್ತ

ಕಿಟ್ಟಿಯವ್ರೆ, ನಿಮಗೆ ದೊಡ್ಡ ನಮಸ್ಕಾರ. ಬೆಳ್ಳಿಗುಂಡಿನವ್ರು ಆಡಿದ್ದು ಕೆಟ್ಟ ಗಡಿಯಾರದ ಮೆಷಿನೇ ಇರ್ಬೇಕು.

ಬೆಳ್ಳಿಗುಂಡು

ಗಡಿಯಾರ ಸರಿಯಾಗಿಯೇ ಇತ್ತು ಸರ್ 😀 ಒಂಬತ್ತು ಒಂಬತ್ತೇ. ಆದ್ರೆ ಕಿಟ್ಟಿ ಅವರ ಮಾತು ನೂರಕ್ಕೆ ನೂರು. ಮೂರನೇ ಪಾರ್ಟಿಗೂ ಒಂದು ಕಾಲಂ ಇಡ್ಬೇಕು.

ಕೋಡ್_ಕೌಶಿಕ

ಹೊಸ ಮೆಷಿನ್ ಆಡೋರು ಯಾರೂ ಇಲ್ವಾ ಇಲ್ಲಿ? ಗಾಡ್ಜಿಲ್ಲಾ ಏಳನೇ ಜಾಗದಲ್ಲಿ ಅಂದ್ರೆ ನೀವು ಅದರ ಮೊದಲ ಅರ್ಧ ಗಂಟೆ ಅಷ್ಟೇ ನೋಡಿದೀರ. 2021, ಎಲ್ವಿನ್‌ದೇ. ಪ್ರೀಮಿಯಂ ಮಾಡೆಲಲ್ಲಿ ಕಟ್ಟಡ ಕುಸಿಯುತ್ತೆ, ಸೇತುವೆ ಮುರಿದು ಬೀಳುತ್ತೆ, ಅದೆಲ್ಲ ಬಿಡಿ, ನನಗೆ ಮುಖ್ಯ ಅದರ ಒಳಗಿನ ಆಯ್ಕೆಗಳು. ಯಾವ ರಾಕ್ಷಸನ ಜೊತೆ ಯಾವಾಗ ಕಾದಾಡ್ಬೇಕು, ಯಾವುದರ ಮೇಲೆ ಯಾವ ಮಲ್ಟಿಬಾಲ್ ಪೇರಿಸಬೇಕು ಅಂತ ಲೆಕ್ಕ ಹಾಕಿ ಆಡಿದ್ರೆ ಅದೇ ಪ್ಲೇಫೀಲ್ಡ್ ಪ್ರತಿ ಸಲ ಬೇರೆ ಆಟ ಆಗುತ್ತೆ. ಫನ್‌ಹೌಸಲ್ಲಿ ಮಲ್ಟಿಬಾಲ್ ಆದ್ಮೇಲೆ ಏನಿದೆ? ಮತ್ತೆ ಮಲ್ಟಿಬಾಲ್.

ನನ್ನ ಪ್ರಕಾರ ಹತ್ತನೇ ಜಾಗಕ್ಕೆ ಸಿಂಪ್ಸನ್ಸ್ ಪಿನ್‌ಬಾಲ್ ಪಾರ್ಟಿ ಬರಬೇಕು, ಇಲ್ಲಾಂದ್ರೆ ಲಾರ್ಡ್ ಆಫ್ ದ ರಿಂಗ್ಸ್. ಎರಡೂ ಸ್ಟರ್ನ್, ಎರಡೂ 2003, ಎರಡಕ್ಕೂ ಕೋಡ್ ಕೀತ್ ಜಾನ್ಸನ್. ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ವಿಭಾಗಕ್ಕೆ ಬೀಗ ಹಾಕಿದ್ಮೇಲೆ ಕೆಲವು ವರ್ಷ ದೊಡ್ಡ ಮಟ್ಟದಲ್ಲಿ ಮಾಡ್ತಿದ್ದಿದ್ದು ಸ್ಟರ್ನ್ ಒಂದೇ, ಆ ಬರಗಾಲದಲ್ಲಿ ಇಷ್ಟು ಆಳದ ರೂಲ್ಸ್ ಬರೆದ್ರಲ್ಲ, ಅದಕ್ಕಾದ್ರೂ ಮರ್ಯಾದೆ ಕೊಡಿ.

ಔಟ್‌ಲೇನ್_ಸಂತ್ರಸ್ತ

ಲಾರ್ಡ್ ಆಫ್ ದ ರಿಂಗ್ಸ್ ಚೆನ್ನಾಗಿ ಆಡೋನು ನನ್ನ ಮುಂದೆ ನಿಂತಿದ್ದ ಒಂದ್ಸಲ. ನನ್ನ ಸರದಿ ಬರೋ ಹೊತ್ತಿಗೆ ಆಡೋ ಆಸೆನೇ ಹೋಗಿತ್ತು. ಉಂಗುರ ಸುಡೋಕೆ ಅಷ್ಟೊತ್ತು ಬೇಕಾ ಗುರು?

ಕೋಡ್_ಕೌಶಿಕ

ಪುಸ್ತಕದಲ್ಲಿ ಎಷ್ಟೊತ್ತು ತಗೊಂಡ್ರು ನೋಡಿ ಸ್ವಲ್ಪ

ಬೆಳ್ಳಿಗುಂಡು

@ಕೋಡ್_ಕೌಶಿಕ ಆಳ ಬೇಡ ಅಂತ ನಾನು ಹೇಳಿಲ್ಲ. ಐರನ್ ಮೇಡನ್ ಮೂರನೇ ಜಾಗದಲ್ಲಿದೆ, ಅದೇನು ಕಮ್ಮಿ ಆಳಾನಾ? ನನ್ನ ತಕರಾರು ಏನಂದ್ರೆ, ಪ್ಲಾನ್ ಮಾಡಿ ಆಡೋ ಆಟದಲ್ಲಿ ಡ್ರೈನ್ ಆದಾಗ ಸಿಟ್ಟು ನನ್ಮೇಲೆ ಬರುತ್ತೆ ನಿಜ, ಆದ್ರೆ ಅದು ಯಾವ ತಪ್ಪಿಗೆ ಅಂತ ಗೊತ್ತಾಗಲ್ಲ. ಗಾಡ್ಜಿಲ್ಲಾದಲ್ಲಿ ಎಷ್ಟೋ ಸಲ ಕೈ ಚೆನ್ನಾಗೇ ಓಡಿರುತ್ತೆ, ಆದ್ರೂ ಪಕ್ಕದೋನ ಸ್ಕೋರ್ ನಂದರ ಹತ್ತು ಪಟ್ಟು, ಯಾಕಂದ್ರೆ ಅವನು ಸರಿಯಾದ ಹೊತ್ತಲ್ಲಿ ಸರಿಯಾದ ಮೋಡ್ ಆರಿಸಿದ್ದ. ಇದು ಓದ್ಕೊಂಡು ಬರಬೇಕಾದ ಆಟ. ಕೆಲವರಿಗೆ ಅದೇ ಇಷ್ಟ, ಸಂತೋಷ, ನಂಗೆ ಏಳನೇ ಜಾಗದಷ್ಟು ಇಷ್ಟ.

ಪ್ಲಂಜರ್_ಪದ್ಮ

ಆಡಮ್ಸ್ ಫ್ಯಾಮಿಲಿ ಬಗ್ಗೆ ಯಾರೂ ಜಗಳ ಆಡ್ತಾನೇ ಇಲ್ಲ, ವಿಚಿತ್ರ. ಎಲ್ಲರ ಲಿಸ್ಟಲ್ಲೂ ಇರುತ್ತೆ, ಮೊದಲ ಜಾಗ ಮಾತ್ರ ಕಡಿಮೆ.

ಗಂಟಿ_ಸದ್ದು

ಪ್ಲೇಫೀಲ್ಡ್ ಕೆಳಗ ಮ್ಯಾಗ್ನೆಟ್ ಇಟ್ಟು ಬಾಲ್ ಎಳ್ದಾಡಸ್ತಾರಲ್ರೀ ಅದರಾಗ, ಪವರ್ ಅಂತ ಹೆಸರು ಬ್ಯಾರೆ. ನನ್ನ ಡಿಸ್ಕ್‌ಗೆ ಬೈದೋರು ಅದಕ್ಕ ನಾಕನೇ ಜಾಗ ಕೊಟ್ಟಾರ. ಇದೆಂಥಾ ನ್ಯಾಯ?

ಬೆಳ್ಳಿಗುಂಡು

ಅಣ್ಣಾ ಅಲ್ಲಿ ಥಿಂಗ್ (ಆ ಕುಟುಂಬದ ಬಿಡಿ ಕೈ) ಇದೆಯಲ್ಲ. ಥಿಂಗ್ ಫ್ಲಿಪ್ಸ್‌ನಲ್ಲಿ ಫ್ಲಿಪ್ಪರ್ ಒತ್ತೋದು ಮೆಷಿನ್ನೇ, ತಪ್ಪಿದ್ರೆ ಮುಂದಿನ ಸಲಕ್ಕೆ ಟೈಮಿಂಗ್ ತಾನೇ ತಿದ್ದಿಕೊಳ್ಳುತ್ತೆ. ತನ್ನ ತಪ್ಪು ತಾನು ತಿದ್ಕೊಳ್ಳೋ ಮೆಷಿನ್‌ಗೆ ಮ್ಯಾಗ್ನೆಟ್ ತಪ್ಪು ಮಾಫಿ.

ಗಂಟಿ_ಸದ್ದು

ವಕೀಲ ಆಗಬೇಕಿತ್ರಿ ನೀವು.

ಹೊಸಬ_ಚೇತು

ಎಲ್ಲರಿಗೂ ನಮಸ್ತೆ, ಇಡೀ ಥ್ರೆಡ್ ಓದಿದೆ, ಸಖತ್. ನಾನು ಕಂಪ್ಯೂಟರ್ ಮೇಲೆ ಪಿನ್‌ಬಾಲ್ ಎಫ್‌ಎಕ್ಸ್ ಮಾತ್ರ ಆಡಿರೋದು, ನಿಜವಾದ ಮೆಷಿನ್ ಮುಟ್ಟೇ ಇಲ್ಲ. ನನ್ನಂಥವರ ಲಿಸ್ಟ್‌ಗೆ ಇಲ್ಲಿ ಬೆಲೆ ಇದೆಯಾ? ನಂಗೆ ಮೆಡಿವಲ್ ಮ್ಯಾಡ್‌ನೆಸ್ ಫಸ್ಟ್. ಕೋಟೆ ಬೀಳೋದು, ಕೆಳಗಿಂದ ಟ್ರೋಲ್‌ಗಳು ತಲೆ ಎತ್ತೋದು, ಆ ಬೈಗುಳ ಎಲ್ಲಾ ಸೂಪರ್. ಮುಂದೆ ಯಾವುದು ಕಲೀಲಿ?

ರ‍್ಯಾಂಪ್_ರಂಗಣ್ಣ

ಖಂಡಿತ ಬೆಲೆ ಇದೆ ತಮ್ಮಾ. ರೂಲ್ಸ್ ಕಲಿಯೋಕೆ ಅದೇ ಒಳ್ಳೆ ಜಾಗ, ನಾವೂ ಅರ್ಧ ಕಲಿತಿದ್ದು ಹಾಗೇ. ಕಂಪ್ಯೂಟರಲ್ಲಿ ಸರಿಯಾಗಿ ಸಿಗದೇ ಇರೋದು ನಡ್ಜ್, ಅಂದ್ರೆ ಮೆಷಿನ್ನನ್ನೇ ತಳ್ಳೋದು. ನಿಜವಾದ ಮೆಷಿನಲ್ಲಿ ಬಾಲ್ ಔಟ್‌ಲೇನ್ ಕಡೆ ವಾಲ್ತಿದ್ದಾಗ ಅಂಗೈಯಲ್ಲಿ ಒಂದು ಸಣ್ಣ ಏಟು ಕೊಟ್ಟು ಒಳಗೆ ತರ್ತೀವಿ, ಜಾಸ್ತಿ ಆದ್ರೆ ಒಳಗೆ ತೂಗು ಹಾಕಿರೋ ಟಿಲ್ಟ್ ಲೋಲಕ ಸುತ್ತಲಿನ ರಿಂಗ್‌ಗೆ ತಗುಲಿ ಆ ಬಾಲ್ ಖತಂ. ಎಷ್ಟು ತಳ್ಳಬಹುದು ಅನ್ನೋದು ಮೆಷಿನ್‌ನಿಂದ ಮೆಷಿನ್‌ಗೆ ಬೇರೆ. ಆ ಅಂದಾಜು ಬಂದ್ಮೇಲೆ ನಿನ್ನ ಲಿಸ್ಟ್ ಅದಲು ಬದಲು ಆಗುತ್ತೆ ನೋಡು.

ಬೆಳ್ಳಿಗುಂಡು

ಚೇತು, ಅಟ್ಯಾಕ್ ಫ್ರಮ್ ಮಾರ್ಸ್ ಆಡು. ಮೆಡಿವಲ್ ಗೊತ್ತಿದ್ರೆ ಅರ್ಧ ಗೊತ್ತಿದ್ದ ಹಾಗೇ. ನಡುವಿನ ಹಾರುವ ತಟ್ಟೆ ಮುಂದಿನ ಟಾರ್ಗೆಟ್‌ಗೆ ಸಿಕ್ಕಾಪಟ್ಟೆ ಹೊಡೀಬೇಡ, ಬಾಲ್ ಫ್ಲಿಪ್ಪರ್ ಮೇಲೆ ಹಿಡ್ಕೊಂಡು ನಿಲ್ಲಿಸು, ಉಸಿರು ತಗೋ, ಆಮೇಲೆ ಹೊಡಿ. ಮತ್ತೆ ದಯವಿಟ್ಟು ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತೋ ಚಟ ಇದ್ರೆ ಇವತ್ತೇ ಬಿಡು.

ಕಾಯಿಲ್_ಕಿಟ್ಟಿ

+1, ನನ್ನ ಕಾಯಿಲ್‌ಗಳ ಪರವಾಗಿಯೂ.

ಹೊಸಬ_ಚೇತು

ಒಟ್ಟಿಗೆ ಒತ್ತಬಾರ್ದಾ??